ಡ್ರೆಸ್‌ರೋಸಾದ ಹತ್ತು ನಿಮಿಷಗಳು

ಕಡಲ್ಗಳ್ಳರ ಕಥೆ ಹೇಳುವ ‘ಒನ್ ಪೀಸ್’ ಅನಿಮೆಯ (ಜಪಾನಿ ಅನಿಮೇಷನ್ ಸರಣಿಯ) ಮಾತು ಬಂದಾಗಲೆಲ್ಲ, ಅದನ್ನು ನೋಡದವರು ಮೊದಲು ಆಕ್ಷೇಪಿಸುವುದು ಅದರ ಉದ್ದವನ್ನು. 1999ರ ಅಕ್ಟೋಬರ್‌ನಲ್ಲಿ ಆರಂಭವಾಗಿ ಸಾವಿರ ಕಂತುಗಳನ್ನು ದಾಟಿದ ಸರಣಿಯ ಬಗ್ಗೆ ಅಂಥ ಆಕ್ಷೇಪ ಸಹಜವೇ. ಆದರೆ ದ್ವೀಪಕ್ಕೊಂದು ಆಳ್ವಿಕೆ, ದ್ವೀಪಕ್ಕೊಂದು ಮುಚ್ಚಿಟ್ಟ ಚರಿತ್ರೆ ಇರುವ ಲೋಕವನ್ನು, ನೂರಾರು ಕಂತುಗಳ ಹಿಂದೆ ಬಂದುಹೋದ ಪಾತ್ರವೊಂದು ಮತ್ತೆ ಎದುರಾದಾಗ ಅದರ ಬದುಕೂ ಈ ನಡುವೆ ಮುಂದೆ ಸಾಗಿದೆ ಎನಿಸುವಂಥ ಲೋಕವನ್ನು ಕಟ್ಟಲು ವಿಸ್ತಾರ ಬೇಕೇ ಬೇಕು. ಇಷ್ಟು ವರ್ಷ ನೋಡುತ್ತ ಬಂದಿರುವ ನನಗೆ ಬೇಸರ ತಂದಿರುವುದು ಆ ವಿಸ್ತಾರವನ್ನು ತುಂಬಿಸಿದ ಬಗೆ.

ಲೆಕ್ಕ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಆರಂಭದ ದಿನಗಳ ಅರ್ಲಾಂಗ್ ಪಾರ್ಕ್ ಭಾಗವು ಮೂಲ ಮಂಗಾದಲ್ಲಿ, ಅಂದರೆ ಜಪಾನಿ ಕಾಮಿಕ್ಸ್‌ನಲ್ಲಿ, 27 ಅಧ್ಯಾಯ; ಅನಿಮೆ ಅದನ್ನು 14 ಕಂತುಗಳಲ್ಲಿ ಮುಗಿಸಿತು. 2014ರಿಂದ 2016ರವರೆಗೆ ಪ್ರಸಾರವಾದ ಡ್ರೆಸ್‌ರೋಸಾ ಭಾಗವು ಮಂಗಾದಲ್ಲಿ 102 ಅಧ್ಯಾಯ, ಅನಿಮೆಯಲ್ಲಿ 118 ಕಂತು. ಅಂದರೆ, ಮೊದಲು ಒಂದು ಕಂತಿಗೆ ಹೆಚ್ಚುಕಡಿಮೆ ಎರಡು ಅಧ್ಯಾಯಗಳಷ್ಟು ಕಥೆ ಸಿಗುತ್ತಿದ್ದರೆ, ನಂತರ ಒಂದು ಪೂರ್ತಿ ಅಧ್ಯಾಯವೂ ಸಿಗುತ್ತಿರಲಿಲ್ಲ. ಕಾರಣ ಗುಟ್ಟೇನಲ್ಲ. ಮಂಗಾದ ಕರ್ತೃ ಎಯಿಚಿರೊ ಓಡಾ ವಾರಪತ್ರಿಕೆಗೆ ಬರೆಯುವ ಅಧ್ಯಾಯ ಇಪ್ಪತ್ತು ಪುಟಗಳನ್ನೂ ಮುಟ್ಟುವುದಿಲ್ಲ, ಅವರು ಆಗಾಗ ವಿರಾಮವನ್ನೂ ತೆಗೆದುಕೊಳ್ಳುತ್ತಾರೆ. ಟಿವಿ ಮಾತ್ರ ವಾರ ತಪ್ಪದೆ ಕಂತು ಕೇಳುತ್ತಿತ್ತು. ಬೆನ್ನಟ್ಟಿ ಬರುವ ಅನಿಮೆ ಮೂಲವನ್ನು ಮುಟ್ಟಿಬಿಡಬಾರದೆಂದರೆ ನಡಿಗೆಯನ್ನು ನಿಧಾನಿಸಲೇಬೇಕಿತ್ತು. ಜೊತೆಗೆ, ಹಲವು ವರ್ಷಗಳ ಕಾಲ ಪ್ರತಿ ಕಂತೂ ಎರಡೂವರೆ ನಿಮಿಷದ ಆರಂಭಗೀತೆಯಿಂದ ಶುರುವಾಗಿ, ಹಿಂದಿನ ವಾರದ ಕಥೆಯನ್ನು ನೆನಪಿಸಿದ ಮೇಲಷ್ಟೇ ಹೊಸ ದೃಶ್ಯಕ್ಕೆ ಬರುತ್ತಿತ್ತು. ನಾಯಕ ಲೂಫಿಯ ಮೈ ರಬ್ಬರಿನದು ಎಂಬ ಕಾರಣಕ್ಕೆ ಕಥೆಯನ್ನೂ ಹಾಗೆಯೇ ಎಳೆಯಬಹುದೆಂದು ನಿರ್ಮಾಣ ಸಂಸ್ಥೆ ತೋಯೆ ಅನಿಮೇಷನ್ ನಂಬಿದಂತಿತ್ತು.

ಈ ಎಳೆತ ಎಲ್ಲಿ ಹೆಚ್ಚು ಹಾನಿ ಮಾಡುತ್ತದೆ ಎಂಬುದಕ್ಕೆ ಡ್ರೆಸ್‌ರೋಸಾದ ಕೊನೆಯ ಭಾಗವನ್ನೇ ನೋಡಬಹುದು (ಇನ್ನೂ ಅಲ್ಲಿಗೆ ತಲುಪದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು). ಡ್ರೆಸ್‌ರೋಸಾವನ್ನು ಆಳುವ ಖಳನಾಯಕ ಡೋಫ್ಲಮಿಂಗೊ ಇಡೀ ದೇಶದ ಮೇಲೆ ದಾರಗಳ ಪಂಜರವನ್ನು ಇಳಿಸಿದ್ದಾನೆ, ಅದು ನಡುವಿನತ್ತ ಕುಗ್ಗುತ್ತ ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತ ಬರುತ್ತಿದೆ. ಶಕ್ತಿ ಬತ್ತಿಹೋದ ಲೂಫಿ ಚೇತರಿಸಿಕೊಳ್ಳಲು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಅವನನ್ನು ಕಾಪಾಡುವ ಹೊಣೆ ಹೋರಾಟಗಾರರ ಮೇಲೂ ಸಾಮಾನ್ಯ ಜನರ ಮೇಲೂ ಬೀಳುತ್ತದೆ. ಕಥನದ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಯೋಜನೆ: ಗಡಿಯಾರವೂ ಇದೆ, ಕುಗ್ಗುವ ಜಾಗವೂ ಇದೆ. ಆದರೆ ಪರದೆಯ ಮೇಲೆ ಆ ಹತ್ತು ನಿಮಿಷಗಳು ಹಲವು ವಾರಗಳವರೆಗೆ ಹಿಗ್ಗಿದವು. ಅದೇ ಓಟ, ಅದೇ ಚೀರಾಟ, ಅಗಲವಾಗುವ ಅದೇ ಕಣ್ಣುಗಳು. ಪಂಜರ ಕುಗ್ಗುತ್ತಿದೆ ಎಂದು ಪಾತ್ರಗಳು ಹೇಳುತ್ತಲೇ ಇರುತ್ತವೆ, ಪ್ರೇಕ್ಷಕನಿಗೆ ಮಾತ್ರ ಅದು ಎಷ್ಟು ಹತ್ತಿರ ಬಂತು ಎಂಬ ಅಂದಾಜೇ ತಪ್ಪಿಹೋಗುತ್ತದೆ. ಗಡುವನ್ನು ಮುಂದಿಟ್ಟು ಹೇಳುವ ಕಥೆಯಲ್ಲಿ ಗಡುವಿನ ಮೇಲಿನ ನಂಬಿಕೆ ಹೋದರೆ ಆತಂಕವೂ ಹೋಗುತ್ತದೆ.

ಇದೇ ಸರಣಿ ನಿಧಾನವನ್ನು ಎಷ್ಟು ಚೆನ್ನಾಗಿ ಬಳಸಬಲ್ಲದು ಎಂಬುದಕ್ಕೆ ಅರ್ಲಾಂಗ್ ಪಾರ್ಕ್ ಸಾಕ್ಷಿಯಾಗಿದೆ. ಕಡಲ್ಗಳ್ಳ ಅರ್ಲಾಂಗ್‌ನ ಹಿಡಿತದಿಂದ ತನ್ನ ಊರನ್ನು ಬಿಡಿಸಿಕೊಳ್ಳಲು ಲೂಫಿಯ ಸಂಗಾತಿ ನಾಮಿ ಎಂಟು ವರ್ಷ ಕೂಡಿಟ್ಟ ಹಣವನ್ನು ಲಂಚಕೋರ ನೌಕಾಧಿಕಾರಿಯೊಬ್ಬ ವಶಪಡಿಸಿಕೊಳ್ಳುತ್ತಾನೆ. ಆಕೆ ತನ್ನ ತೋಳಿನ ಮೇಲಿನ ಅರ್ಲಾಂಗ್ ಗುಂಪಿನ ಹಚ್ಚೆಯನ್ನು ಚೂರಿಯಿಂದ ಇರಿದುಕೊಂಡು, ಕೊನೆಗೆ ಲೂಫಿಯ ಬಳಿ ಸಹಾಯ ಕೇಳುತ್ತಾಳೆ. ಅವನು ಯಾರಿಗೂ ಮುಟ್ಟಗೊಡದ ತನ್ನ ಹುಲ್ಲಿನ ಟೋಪಿಯನ್ನು ಅವಳ ತಲೆಗಿಟ್ಟು ನಡೆಯುತ್ತಾನೆ. ಆ ದೃಶ್ಯವೂ ಅವಸರದ್ದಲ್ಲ. ಆದರೆ ಅಲ್ಲಿಯವರೆಗಿನ ಘಟನೆಗಳು ಒಂದರ ಬೆನ್ನಿಗೊಂದು ಬಂದಿರುವುದರಿಂದ ದ್ರೋಹದ ನೋವು ಆರುವ ಮೊದಲೇ ಟೋಪಿ ಅವಳ ತಲೆ ಮೇಲಿರುತ್ತದೆ. ಕಾರಣಕ್ಕೂ ಪರಿಣಾಮಕ್ಕೂ ನಡುವಿನ ಈ ಸಾಮೀಪ್ಯವೇ ಡ್ರೆಸ್‌ರೋಸಾದಲ್ಲಿ ಕಳೆದುಹೋದದ್ದು. ಒಬ್ಬನ ಸಿಟ್ಟಿಗೆ ಕಾರಣವೇನೆಂದು ನೆನಪಿಸಲು ಮತ್ತೆ ಮತ್ತೆ ಫ್ಲ್ಯಾಷ್‌ಬ್ಯಾಕ್ ತೋರಿಸಬೇಕಾಗುತ್ತದೆ, ಅದು ಕಥೆಯನ್ನು ಮತ್ತಷ್ಟು ನಿಧಾನಗೊಳಿಸುತ್ತದೆ.

ಮಂಗಾ ಓದುವಾಗ ಕಾಲ ಓದುಗನ ಕೈಯಲ್ಲಿರುತ್ತದೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಓಡಾ ಒಂದೇ ಚೌಕಟ್ಟಿನಲ್ಲಿ ಹತ್ತಾರು ಜನರ ಬೆರಗನ್ನು ತುಂಬಿಸಿದರೆ ಕಣ್ಣು ಅದನ್ನು ಒಂದೇ ನೋಟದಲ್ಲಿ ಹೀರಿಕೊಂಡು ಮುಂದೆ ಹೋಗುತ್ತದೆ. ಅನಿಮೆ ಅದೇ ಚೌಕಟ್ಟನ್ನು ಬಿಡಿಸಿ ಒಬ್ಬೊಬ್ಬರ ಮುಖಕ್ಕೂ ಒಂದೊಂದು ಶಾಟ್ ಕೊಟ್ಟಾಗ, ಮೂಲಕ್ಕೆ ನಿಷ್ಠವಾಗಿದ್ದುಕೊಂಡೇ ಅದರ ಲಯವನ್ನು ಕೆಡಿಸುತ್ತದೆ.

ಈ ವಿಷಯದಲ್ಲಿ ಎಲ್ಲರೂ ಬೈಯುವ, ‘ನರುಟೊ’ ಎಂಬ ಇನ್ನೊಂದು ಅನಿಮೆಯ ಫಿಲ್ಲರ್‌ಗಳೇ (ಜಾಗ ತುಂಬಿಸುವ ಕಂತುಗಳೇ) ವಾಸಿ ಎಂಬುದು ನನ್ನ ಅಭಿಪ್ರಾಯ. 220 ಕಂತುಗಳ ಆ ಮೊದಲ ಸರಣಿಯ ಕೊನೆಯ ಎಂಬತ್ತಕ್ಕೂ ಹೆಚ್ಚು ಕಂತುಗಳು ಮಂಗಾದಲ್ಲಿಲ್ಲದ ಕಥೆಗಳು. ಬೇಡದವರು ಅವನ್ನು ಒಟ್ಟಾಗಿ ಬಿಟ್ಟು ಮುಂದೆ ಹೋಗಬಹುದು. ಪ್ರತಿ ದೃಶ್ಯದೊಳಗೂ ಬೆರೆತುಹೋದ ಎಳೆತವನ್ನು ಹಾಗೆ ಬಿಡಲು ಬರುವುದಿಲ್ಲ.

ಎಲ್ಲ ಹೊಣೆಯನ್ನೂ ಅನಿಮೆಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ವಾನೊ ಭಾಗದ ಒನಿಗಾಶಿಮಾ ಯುದ್ಧದಲ್ಲಿ ಓಡಾ ಅವರೇ ಒಂದೇ ರಾತ್ರಿಗೆ ಅಷ್ಟೊಂದು ಕಾಳಗಗಳನ್ನು ಒಟ್ಟಿ, ಒಂದರಿಂದ ಇನ್ನೊಂದಕ್ಕೆ ಹಾರುತ್ತ ಹೋಗುತ್ತಾರೆ. ಸತ್ತನೆಂದು ತೋರಿಸಿದ ಸಮುರಾಯ್ ಕಿನೆಮೊನ್ ಮತ್ತೆ ಎದ್ದು ಬಂದಾಗ ನನಗೆ ಸಮಾಧಾನಕ್ಕಿಂತ ಕಿರಿಕಿರಿಯೇ ಹೆಚ್ಚಾಯಿತು.

ಹಾಗಿದ್ದೂ ಅದೇ ವಾನೊದಲ್ಲಿ, 2022ರಲ್ಲಿ ಬಂದ 1015ನೆಯ ಕಂತು ನನ್ನ ಲೆಕ್ಕಾಚಾರವನ್ನು ಸ್ವಲ್ಪ ಅಲುಗಿಸುತ್ತದೆ. ಮೆಗುಮಿ ಇಶಿತಾನಿ ನಿರ್ದೇಶಿಸಿದ ಈ ಕಂತು ಮಂಗಾದ ಸಾವಿರನೆಯ ಅಧ್ಯಾಯವನ್ನು ಆಧರಿಸಿದ್ದು, ಹೊಸದಾಗಿ ಸೇರಿಸಿದ ಪ್ರತಿ ದೃಶ್ಯವೂ ಕಡಲ್ಗಳ್ಳರ ರಾಜನಾಗುವ ಲೂಫಿಯ ಕನಸಿನ ಸುತ್ತಲೇ ನೇಯ್ದುಕೊಂಡಿದೆ. ಹಿಗ್ಗಿಸುವವರಿಗೆ ಹೇಳಲು ಏನಾದರೂ ಇದ್ದರೆ ಒಂದು ಅಧ್ಯಾಯ ಒಂದು ಕಂತಿಗೆ ಧಾರಾಳವಾಗಿ ಸಾಲುತ್ತದೆ. ಇದಕ್ಕೆ ತದ್ವಿರುದ್ಧವಾದ ಪ್ರಯೋಗವೂ ನಡೆದಿದೆ: ಐವತ್ತಕ್ಕೂ ಹೆಚ್ಚು ಕಂತುಗಳಿದ್ದ ಮೀನುಮಾನವರ ದ್ವೀಪದ ಭಾಗವನ್ನು 2024ರ ನವೆಂಬರ್‌ನಿಂದ 21 ಕಂತುಗಳಿಗೆ ಇಳಿಸಿ ಮರುಪ್ರಸಾರ ಮಾಡಿದರು. ಅರ್ಧಕ್ಕಿಂತ ಹೆಚ್ಚು ಕತ್ತರಿಸಿದರೂ ಕಥೆ ನಿಲ್ಲುತ್ತದೆ ಎಂದು ನಿರ್ಮಾಪಕರೇ ಒಪ್ಪಿಕೊಂಡಂತಾಯಿತು.

ಕೊನೆಗೆ, 2026ರಿಂದ ವರ್ಷಕ್ಕೆ ಹೆಚ್ಚೆಂದರೆ 26 ಕಂತು ಎಂಬ ತೀರ್ಮಾನವನ್ನು ತೋಯೆ ಪ್ರಕಟಿಸಿತು. ತಡವಾದರೂ ಸರಿಯಾದ ತೀರ್ಮಾನ. ಇದರಿಂದ ಬೆನ್ನಟ್ಟುವ ಆತುರ ತಗ್ಗುತ್ತದೆ, ಆದರೆ ಮುಂದಿನ ಎಲ್ಬಾಫ್ ಭಾಗದಲ್ಲಿ, ಮೂವತ್ತೆಂಟು ವರ್ಷಗಳ ಹಿಂದಕ್ಕೆ ಕರೆದೊಯ್ಯುವ ಬಹಳ ದೀರ್ಘವಾದ ಫ್ಲ್ಯಾಷ್‌ಬ್ಯಾಕ್ ಮೂಲದಲ್ಲೇ ಇದೆ. ವರ್ಷದ ಕಂತುಗಳನ್ನು ಎರಡು ಕಂತೆಗಳಾಗಿ ಒಡೆಯುವಾಗ ಆ ಒಡಕು ಫ್ಲ್ಯಾಷ್‌ಬ್ಯಾಕಿನ ಒಳಗೇ ಬಿದ್ದರೆ, ನಾವು ತಿಂಗಳುಗಟ್ಟಲೆ ಆ ಹಿಂದಿನ ಕಾಲದಲ್ಲೇ ನಿಂತು ಲೂಫಿಗಾಗಿ ಕಾಯಬೇಕಾಗುತ್ತದೆ.