ಸಿಂಡ್ರೆಲಾ ಮುಗಿದಳು, ಮತ್ಸ್ಯಕನ್ಯೆ ಅರ್ಧ ಆದಳು: ಕಾವಿ ಚಿತ್ರಗಳ ಕೆಲಸ ಎಲ್ಲಿಗೆ ಬಂತು

ಹಳೇ ಕಥೆಗಳ ಹುಡುಗಿಯರು ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದ್ದಿದ್ದರೆ ಹೇಗಿರುತ್ತಿದ್ದರು? ಇದನ್ನೇ ಹಿಡಿದುಕೊಂಡು ಶುರು ಮಾಡಿದ ಚಿತ್ರಗಳಲ್ಲಿ ಸಿಂಡ್ರೆಲಾ ಮುಗಿದಳು. ಮತ್ಸ್ಯಕನ್ಯೆ ಅರ್ಧಕ್ಕೆ ಬಂದಿದ್ದಾಳೆ. ಕೆಂಪು ಟೋಪಿಯ ಹುಡುಗಿ ಇನ್ನೂ ಪೆನ್ಸಿಲ್‌ನಲ್ಲೇ ಇದ್ದಾಳೆ.

ಎಲ್ಲವನ್ನೂ ಕಾವಿ ಕಲೆಯಲ್ಲೇ ಮಾಡುತ್ತಿದ್ದೇನೆ. ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೆ ನೋಡಿದವರಿಗೆ ಗೊತ್ತಿರುತ್ತದೆ, ಬಿಳಿ ಮತ್ತು ಕೆಂಪು, ಎರಡೇ ಬಣ್ಣ. ಕೆಳಗೆ ಸುಣ್ಣದ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಪದರ. ಹಸಿ ಇರುವಾಗಲೇ ಕೆಂಪನ್ನು ಕೆರೆದರೆ ಒಳಗಿನ ಬಿಳಿ ಕಾಣುತ್ತದೆ. ನನ್ನದು ಗೋಡೆಯಲ್ಲ, ಪ್ಲೈವುಡ್ ಹಲಗೆ. ಕೆರೆಯಲು ಗೋಣಿಚೀಲ ಹೊಲಿಯುವ ದಬ್ಬಣ. ಕೆಂಪು ಪೂರ್ತಿ ಒಣಗಿದರೆ ಗೆರೆಯ ಅಂಚು ಉದುರುತ್ತದೆ. ಜಾಸ್ತಿ ಹಸಿ ಇದ್ದರೆ ಕಲಸಿಹೋಗುತ್ತದೆ. ಬೆರಳಿಟ್ಟರೆ ತಂಪು ಹತ್ತಬೇಕು, ಬಣ್ಣ ಹತ್ತಬಾರದು. ಆಗ ಕೂತರೆ ಮುಗಿಸಿಯೇ ಏಳಬೇಕು. ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ, ಹಾಗಾಗಿ ಮುಖದಂಥ ನಾಜೂಕಿನ ಕೆಲಸಕ್ಕೆ ಇದೇ ಒಳ್ಳೆಯ ಕಾಲ.

ಜೀನ್ಸ್ ಹಾಕಿಸಿ ಕೈಗೊಂದು ಮೊಬೈಲ್ ಕೊಟ್ಟ ಮಾತ್ರಕ್ಕೆ ಸಿಂಡ್ರೆಲಾ ಈ ಕಾಲದವಳಾಗುವುದಿಲ್ಲ, ಅಲ್ವಾ? ಕಥೆಯಲ್ಲಿ ಅವಳಿಗೆ ಯಾವ ಕಷ್ಟ ಇತ್ತೋ ಅದು ಈಗ ಯಾರ ಪಾಲಿಗೆ ಬಂದಿದೆ ಅಂತ ನೋಡಬೇಕು. ಅದಕ್ಕಾಗಿ ಕಥೆಗಳ ಹಳೇ ರೂಪಗಳನ್ನೇ ಹುಡುಕಿ ಓದುತ್ತಿದ್ದೇನೆ. ಗಾಜಿನ ಚಪ್ಪಲಿ, ಕುಂಬಳಕಾಯಿ ಗಾಡಿ, ರಾತ್ರಿ ಹನ್ನೆರಡರ ಗಡುವು ಇವೆಲ್ಲ 1697ರಲ್ಲಿ ಫ್ರಾನ್ಸಿನ ಪೆರೋ ಬರೆದ ಕಥೆಯವು. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿ, ಮುಂದಿನ ಆವೃತ್ತಿಗಳಲ್ಲಿ ತಿದ್ದಿದ ಕಥೆಯಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ಮಲತಾಯಿ ಬೂದಿಯಲ್ಲಿ ಬೇಳೆಕಾಳು ಚೆಲ್ಲಿ, ಅಷ್ಟನ್ನೂ ಆರಿಸಿಟ್ಟರೆ ಮಾತ್ರ ಹೋಗು ಅನ್ನುತ್ತಾಳೆ.

ಆರಿಸುವ ಕೆಲಸ ಅಂದ ಕೂಡಲೇ ನನಗೆ ಅಡಿಕೆ ಬಿಟ್ಟು ಬೇರೆ ಹೊಳೆಯಲಿಲ್ಲ. ಚಾಲಿ, ಕೋಕಾ, ಬಿಳೆಗೋಟು ಅಂತ ಅಡಿಕೆಯ ಒಂದೊಂದು ದರ್ಜೆಯನ್ನೂ ಬೇರೆ ಬೇರೆ ಆರಿಸಿಡಬೇಕು. ಸುಗ್ಗಿಯಲ್ಲಿ ಹಸಿ ಅಡಿಕೆ ಸುಲಿಯಲು ರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕೂರುವವರು ಜಾಸ್ತಿ ಹೆಂಗಸರೇ. ನನ್ನ ಸಿಂಡ್ರೆಲಾ ಕೂತಿರುವುದೂ ಅಲ್ಲೇ. ಅವಳಿಗೆ ಶಿರಸಿಯ ಮಾರಿಜಾತ್ರೆಗೆ ಹೋಗಬೇಕು. ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಹನ್ನೆರಡು ಗಂಟೆಯ ಬದಲು ಊರಿಗೆ ವಾಪಸ್ ಬರುವ ಕೊನೇ ಬಸ್ಸಿನ ಗಡುವು. ಸೀರೆಯನ್ನು ಯಾವ ದೇವತೆಯೂ ಕೊಟ್ಟಿಲ್ಲ. ಸುಲಿದ ಅಡಿಕೆಯ ಕೂಲಿಯಲ್ಲಿ ಅವಳೇ ತಗೊಂಡಿದ್ದು.

ಪೆನ್ಸಿಲ್ ಚಿತ್ರವನ್ನು ಪಕ್ಕದ ಮನೆಯ ಅಕ್ಕನಿಗೆ ತೋರಿಸಿದೆ. ಅವರು ಎಷ್ಟೋ ಸುಗ್ಗಿಯಲ್ಲಿ ಸುಲಿಯಲು ಹೋದವರು. ತುಂಬಾ ಹೊತ್ತು ನೋಡಿ, “ತಂಗೀ, ಬೆರಳಿಗೆ ಕಲೆ ಬೇಡ್ವನೇ? ಸುಲಿದವರ ಕೈ ಕಲೆ ತಿಂಗಳಾದ್ರೂ ಹೋಗೂದಿಲ್ಲ” ಅಂದರು. ಹಸಿ ಅಡಿಕೆಯ ಒಗರು ಬೆರಳನ್ನು ಕಪ್ಪಾಗಿಸುತ್ತದೆ, ಸೋಪಿಗೆ ಬಗ್ಗುವುದಿಲ್ಲ. ಕಾವಿಯಲ್ಲಿ ಕಪ್ಪಿಲ್ಲ. ಅದಕ್ಕೆ ಅಂಗೈಯನ್ನು ಪೂರ್ತಿ ಕೆರೆದು ಬಿಳಿ ಮಾಡಿದೆ, ಬೆರಳ ತುದಿಗಳನ್ನು ಮುಟ್ಟದೆ ಕೆಂಪಾಗಿಯೇ ಬಿಟ್ಟೆ. ಜಾತ್ರೆಯಲ್ಲಿ ಬಳೆ ಅಂಗಡಿಯ ಮುಂದೆ ಅವಳು ಚಾಚಿದ ಕೈ ಅದು. ನನ್ನ ಕಥೆಯಲ್ಲಿ ಅವಳ ಗುರುತು ಸಿಗುವುದು ಆ ಬೆರಳುಗಳಿಂದಲೇ, ಚಪ್ಪಲಿಯ ಹಂಗೇ ಬೇಡ. ಇಡೀ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು.

ಮತ್ಸ್ಯಕನ್ಯೆ ಕಾರವಾರದವಳು. 1837ರಲ್ಲಿ ಡೆನ್ಮಾರ್ಕಿನ ಆಂಡರ್ಸನ್ ಬರೆದ ಕಥೆ ಸಿನಿಮಾದ ಹಾಗೆ ಸುಖವಾಗಿ ಮುಗಿಯುವುದಿಲ್ಲ. ಅವಳು ಕಾಲು ಪಡೆಯಲು ನಾಲಿಗೆಯನ್ನೇ ಕೊಡುತ್ತಾಳೆ. ಇಟ್ಟ ಪ್ರತಿ ಹೆಜ್ಜೆಯೂ ಚೂರಿಯ ಮೇಲೆ ಇಟ್ಟಂತೆ ನೋಯುತ್ತದೆ, ಆದರೂ ನಗುತ್ತಲೇ ಇರಬೇಕು. ರಾಜಕುಮಾರ ಬೇರೆಯವಳನ್ನು ಮದುವೆಯಾಗುತ್ತಾನೆ. ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದವರು ಬಟ್ಟೆ ಅಂಗಡಿಗಳ ಹುಡುಗಿಯರು. ಬೆಳಗ್ಗಿಂದ ರಾತ್ರಿವರೆಗೆ ನಿಂತೇ ಇರುತ್ತಾರೆ. ಗಿರಾಕಿ ಎಷ್ಟು ಸೀರೆ ಬಿಚ್ಚಿಸಿದರೂ ಎದುರು ಮಾತಾಡುವಂತಿಲ್ಲ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರಲು ವ್ಯವಸ್ಥೆ ಇರಲೇಬೇಕು ಅಂತ ಕಾನೂನು ತಿದ್ದಿದವು. ಕೂರುವುದಕ್ಕೂ ಒಂದು ಕಾನೂನು ಬೇಕಾಯಿತು ಅನ್ನುವುದು ನನ್ನನ್ನು ತುಂಬಾ ಕಾಡಿದೆ.

ಕಥೆಯಲ್ಲಿ ಅವಳಿಗೆ ಐವರು ಅಕ್ಕಂದಿರು. ತಂಗಿಯನ್ನು ಉಳಿಸಲು ತಮ್ಮ ಕೂದಲನ್ನೇ ಮಾಟಗಾತಿಗೆ ಕೊಟ್ಟು ಒಂದು ಚೂರಿ ತರುತ್ತಾರೆ. ನನ್ನ ಹಲಗೆಯಲ್ಲಿ ಆ ಐವರೂ ಮೀನು ಮಾರ್ಕೆಟ್ಟಿನಲ್ಲಿ ಸಾಲಾಗಿ ಕೂತಿದ್ದಾರೆ. ಮುಂದೆ ಬಂಗಡೆ ಬುಟ್ಟಿ, ಕೈಯಲ್ಲಿ ಕತ್ತಿ, ಬಾಯಲ್ಲಿ ಜೋರು ಕೊಂಕಣಿ. ಅವರು ಕೂತಿದ್ದಾರೆ, ಮಾತಾಡುತ್ತಿದ್ದಾರೆ. ತಂಗಿ ರಸ್ತೆಯಾಚೆ ಗಾಜಿನ ಹಿಂದೆ ಸುಮ್ನೆ ನಿಂತಿದ್ದಾಳೆ. ಅಕ್ಕಂದಿರ ಭಾಗ ಮುಗಿದಿದೆ. ಗಾಜು ಬಾಕಿ ಇದೆ. ಎರಡೇ ಬಣ್ಣದಲ್ಲಿ ಗಾಜು ತೋರಿಸುವುದು ಕಷ್ಟ. ಅವಳ ಮೇಲೆ ಓರೆಯಾಗಿ ತೆಳು ಗೆರೆಗಳನ್ನು ಎಳೆದು ನೋಡುತ್ತೇನೆ.

ಕೆಂಪು ಟೋಪಿಯವಳಿಗೆ ಟೋಪಿ ಹುಡುಕುವ ಕೆಲಸವೇ ಇರಲಿಲ್ಲ, ನಮ್ಮಲ್ಲಿ ಮಳೆಗೆ ತಲೆಯಿಂದ ಹೊದೆಯುವ ಕೊಪ್ಪೆ ಇದೆ. ದೇವಿಮನೆ ಘಟ್ಟದ ಮಳೆಯಲ್ಲಿ ಕೆಂಪು ಪ್ಲಾಸ್ಟಿಕ್ ಕೊಪ್ಪೆ. ಪೆರೋನ ಕಥೆಯಲ್ಲಿ ಬೇಟೆಗಾರ ಬಂದು ಕಾಪಾಡುವುದಿಲ್ಲ, ನಯವಾಗಿ ಮಾತಾಡುವ ತೋಳವೇ ಹೆಚ್ಚು ಅಪಾಯ ಅಂತ ಪೆರೋನೇ ಕೊನೆಗೆ ಹೇಳುತ್ತಾನೆ. ಹಾಗಾಗಿ ತೋಳಕ್ಕೆ ಹಲ್ಲು ಬರೆಯುವುದಿಲ್ಲ. ಕಾರು ನಿಲ್ಲಿಸಿ “ಬಾ, ಬಿಡ್ತೆ” ಅನ್ನುವ ಒಬ್ಬ ಮರ್ಯಾದಸ್ಥ, ಅಷ್ಟೇ.

ಇದಾದ ಮೇಲೆ ನಮ್ಮ ಜನಪದ ಕಥೆಯ ಹುಡುಗಿ ಹಂಚಿ. ಎ.ಕೆ. ರಾಮಾನುಜನ್ ಇವಳನ್ನು ಕನ್ನಡದ ಸಿಂಡ್ರೆಲಾ ಅಂತ ಕರೆದು ಬರೆದಿದ್ದಾರೆ. ಚೆಲುವು ಕಣ್ಣಿಗೆ ಬೀಳದಿರಲಿ ಅಂತ ತಾಯಿ ಅವಳಿಗೆ ಮಣ್ಣಿನ ಮುಖವಾಡ ಹಾಕುತ್ತಾಳೆ. ಸ್ಕೂಟಿಯಲ್ಲಿ ಕಣ್ಣೆರಡನ್ನೇ ಬಿಟ್ಟು ಮುಖಕ್ಕೆಲ್ಲ ವೇಲ್ ಸುತ್ತಿಕೊಂಡು ಹೋಗುವ ಹುಡುಗಿಯರನ್ನು ಕಂಡಾಗೆಲ್ಲ ಹಂಚಿಯೇ ನೆನಪಾಗುತ್ತಾಳೆ. ಧೂಳಿಗೆ ಸುತ್ತಿದ್ದು ಯಾರು, ಊರಿನ ಕಣ್ಣಿಗೆ ಸುತ್ತಿದ್ದು ಯಾರು, ಹೊರಗಿನಿಂದ ಗೊತ್ತಾಗುವುದಿಲ್ಲ. ಮುಖವಿಡೀ ಕೆರೆಯದೆ ಕೆಂಪಾಗಿ ಬಿಟ್ಟು ಕಣ್ಣಷ್ಟೇ ಬಿಳಿ ಮಾಡಬೇಕು ಅಂದುಕೊಂಡಿದ್ದೇನೆ. ಅದಕ್ಕೂ ಮೊದಲು, ಆ ವೇಲನ್ನು ಹಿಂದೆ ಹೇಗೆ ಗಂಟು ಹಾಕುತ್ತಾರೆ ಅಂತ ಚಿಕ್ಕಮ್ಮನ ಮಗಳನ್ನು ಕೂರಿಸಿಕೊಂಡು ಸ್ಕೆಚ್ ಮಾಡಿಕೊಳ್ಳಬೇಕು.