ಕಿಡ್ನಿ ಬರೀ ಜರಡಿ ಅಲ್ಲ ಮಾರಾಯ್ರೆ

ಕಿಡ್ನಿ ಅಂದ್ರೆ ರಕ್ತ ಸೋಸೋ ಜರಡಿ ಅಂತ ಸ್ಕೂಲಲ್ಲಿ ಹೇಳ್ಕೊಟ್ಟಿದ್ದು ನಮ್ಮ ತಲೇಲಿ ಹಂಗೇ ಕೂತ್ಬಿಟ್ಟಿದೆ, ಆದ್ರೆ ಸೋಸೋದು ಅಲ್ಲಿ ಸಲೀಸು ಕೆಲಸ, ಅದಕ್ಕೆ ಹಾರ್ಟ್ ಕೊಡೋ ಪ್ರೆಶರ್ರೇ ಸಾಕು. ಕಷ್ಟ ಶುರುವಾಗೋದು ಆಮೇಲೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ ಇಳಿಯುತ್ತೆ, ಮೂತ್ರ ಆಗಿ ಹೊರಗೆ ಹೋಗೋದು ಒಂದೂವರೆ ಎರಡು ಲೀಟರ್ ಅಷ್ಟೇ, ಮಿಕ್ಕ ನೀರು ಉಪ್ಪು ಗ್ಲೂಕೋಸ್ ಎಲ್ಲಾ ವಾಪಸ್ ರಕ್ತಕ್ಕೆ ಎಳ್ಕೋಬೇಕು. ಇದರಲ್ಲಿ ದೊಡ್ಡ ಪಾಲು ಮಾಡೋದು ಪ್ರಾಕ್ಸಿಮಲ್ ಟ್ಯೂಬ್ಯೂಲ್ ಅನ್ನೋ ಸಣ್ಣ ನಾಳ, ಅದರ ಜೀವಕೋಶದಲ್ಲಿ ಮೈಟೋಕಾಂಡ್ರಿಯಾ, ಅಂದ್ರೆ ಕೋಶಕ್ಕೆ ಶಕ್ತಿ ತಯಾರಿಸೋ ಪುಟ್ಟ ಪವರ್ ಹೌಸ್, ಒತ್ತೊತ್ತಾಗಿ ತುಂಬ್ಕೊಂಡಿರುತ್ತೆ, ಉಪ್ಪನ್ನ ವಾಪಸ್ ಎಳೆಯೋ ಸೋಡಿಯಂ ಪಂಪಿಗೆ ಎಟಿಪಿ ಅನ್ನೋ ಇಂಧನ ಬೇಕಲ್ಲ.

ತೊಂದ್ರೆ ಏನಂದ್ರೆ ಈ ಕೋಶಗಳು ಹೆಚ್ಚಾಗಿ ಕೊಬ್ಬನ್ನ ಸುಟ್ಟೇ ಬದುಕೋದು, ಅದಕ್ಕೆ ಆಕ್ಸಿಜನ್ ಬೇಕೇ ಬೇಕು. ಓಡೋವಾಗ ನಮ್ಮ ಮಸಲ್ಸ್ ಸ್ವಲ್ಪ ಹೊತ್ತು ಆಕ್ಸಿಜನ್ ಸಾಲದೆ ಗ್ಲೂಕೋಸ್ ಮೇಲೇ ತಳ್ಳುತ್ತೆ, ಇವುಕ್ಕೆ ಆ ತಾಕತ್ತು ತುಂಬಾ ಕಮ್ಮಿ. ವಾಂತಿ ಭೇದಿ ಆಗಿ ಮೈ ಒಣಗಿದ್ರೆ, ಸೋಂಕು ವಿಪರೀತಕ್ಕೆ ಹೋಗಿ ಸೆಪ್ಸಿಸ್ ಆಗಿ ಬಿಪಿ ಬಿದ್ರೆ ಮೊದ್ಲು ಏಟು ತಿನ್ನೋದು ಇವೇ. ಎಟಿಪಿ ಕುಸಿಯುತ್ತೆ, ಮೈಟೋಕಾಂಡ್ರಿಯಾ ಊದ್ಕೊಂಡು ತುಂಡು ತುಂಡಾಗುತ್ತೆ. ರಕ್ತ ವಾಪಸ್ ಹರಿದ ತಕ್ಷಣ ಸರಿಹೋಯ್ತು ಅನ್ಕೋಬೇಡಿ, ಆಗ್ಲೇ ಕೋಶವನ್ನ ಹಾಳುಮಾಡೋ ಫ್ರೀ ರ್‍ಯಾಡಿಕಲ್ಸ್ ಒಮ್ಮೆಲೇ ಏರಿ, ಮೈಟೋಕಾಂಡ್ರಿಯಾದ ಪೊರೇಲಿ ತೂತು ಬಿದ್ದು, ಒಳಗಿದ್ದ ಸೈಟೋಕ್ರೋಮ್ ಸಿ ಅನ್ನೋ ಪ್ರೋಟೀನ್ ಆಚೆ ಸೋರಿ, ಕೋಶ ತಾನಾಗೇ ಸಾಯೋ ದಾರಿ ಹಿಡಿಯುತ್ತೆ.

ಜೆಂಟಾಮೈಸಿನ್ ಅನ್ನೋ ಆಂಟಿಬಯೋಟಿಕ್, ಕ್ಯಾನ್ಸರಿಗೆ ಕೊಡೋ ಸಿಸ್‌ಪ್ಲಾಟಿನ್, ಎಚ್‌ಐವಿಗೆ ಕೊಡೋ ಟೆನೋಫೋವಿರ್, ಇವನ್ನೆಲ್ಲ ಇದೇ ಕೋಶಗಳು ಒಳಗೆ ಎಳ್ಕೊಂಡು ಮೈಟೋಕಾಂಡ್ರಿಯಾಗೆ ಪೆಟ್ಟು ತಿನ್ನಿಸ್ಕೊಳ್ಳುತ್ತೆ, ಹಾಗಂತ ಡಾಕ್ಟರ್ ಬರೆದಿದ್ದನ್ನ ನೀವೇ ನಿಲ್ಲಿಸ್ಬೇಡಿ, ಅವರು ಟೆಸ್ಟ್ ಮಾಡಿಸ್ತಾ ನೋಡ್ಕೋತಾರೆ. ನಂಗೆ ಜಾಸ್ತಿ ಭಯ ಆಗೋದು ಮೆಡಿಕಲ್ ಶಾಪಿಂದ ಚೀಟಿ ಇಲ್ದೆ ತಂದು ನುಂಗೋ ಪೇನ್ ಕಿಲ್ಲರ್ ಬಗ್ಗೆ. ಡೈಕ್ಲೋಫೆನಾಕ್ ಥರದ್ದು ಕಿಡ್ನಿಗೆ ಹೋಗೋ ರಕ್ತಾನೇ ಕಮ್ಮಿ ಮಾಡುತ್ತೆ, ಬಿಸಿಲಲ್ಲಿ ದುಡಿದು ನೀರೂ ಕುಡೀದೆ ಇದ್ದಾಗ ತಗೊಂಡ್ರೆ ಇನ್ನೂ ಕೆಟ್ಟದ್ದು. ಕಿಡ್ನಿ ಡಿಟಾಕ್ಸ್ ಜ್ಯೂಸ್ ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ಅದನ್ನ ಡಿಲೀಟ್ ಮಾಡಿ ಸಾಕು.

ಇನ್ನೊಂದು, ಕಿಡ್ನಿ ಹೊರಹಾಕ್ಬೇಕಾದ ಕಸ ಕ್ರಿಯಾಟಿನಿನ್ ರಕ್ತದಲ್ಲಿ ಏರೋದು ಲೇಟು, ಏಟು ಬಿದ್ದು ಒಂದೆರಡು ದಿನ ಆದ್ಮೇಲೆ ರಿಪೋರ್ಟಲ್ಲಿ ಕಾಣ್ಬಹುದು. ಇಳಿಯೋದೂ ಪೂರ್ತಿ ನಂಬೋ ಹಾಗಿಲ್ಲ. ಉಳಿದ ಕೋಶಗಳು ಹೊಸ ಮೈಟೋಕಾಂಡ್ರಿಯಾ ಮಾಡ್ಕೊಂಡು ಚೇತರಿಸ್ಕೊಂಡ್ರೆ ಸರಿ, ಇಲ್ಲಾಂದ್ರೆ ಸುಡದೇ ಉಳಿದ ಕೊಬ್ಬು ಒಳಗೇ ಸೇರಿ, ಸುತ್ತ ಕಲೆಗಟ್ಟಿ, ನಿಧಾನಕ್ಕೆ ಕ್ರಾನಿಕ್ ಕಾಯಿಲೆ ಆಗುತ್ತೆ. ಅದಕ್ಕೇ ಒಂದ್ಸಲ ಕಿಡ್ನಿಗೆ ಏಟು ಬಿದ್ದವರು ಡಿಸ್ಚಾರ್ಜ್ ಆದ್ರು ಅಂತ ಮರೀಬಾರದು, 3 ತಿಂಗಳಿಗೆ ಕ್ರಿಯಾಟಿನಿನ್ ಜೊತೆ ಮೂತ್ರದ ಪ್ರೋಟೀನ್ ಟೆಸ್ಟೂ ಮಾಡಿಸಿ.