ಬಟ್ಟೆ ಬಂತು, ಬಾಗಿಲು ಮುಚ್ಚಿಯೇ ಇತ್ತು

ನಾನು ಜಿಲ್ಲಾ ಆಸ್ಪತ್ರೆಯೊಂದರ ನವಜಾತ ಶಿಶು ಘಟಕದಲ್ಲಿ ನರ್ಸ್. ಕೆಲವು ವರ್ಷಗಳ ಹಿಂದೆ ನಮಗೆ ಕಾಂಗರೂ ಆರೈಕೆಯ ತರಬೇತಿ ಆಯಿತು. ತೂಕ ಕಡಿಮೆಯಿರುವ ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ತಾಯಿಯ ಬರಿ ಎದೆಗೆ ನೆಟ್ಟಗೆ ಆನಿಸಿ ಬಟ್ಟೆಯಿಂದ ಕಟ್ಟುವುದು. ಅದರ ಹಿಂದೆಯೇ ಕಟ್ಟುವ ಬಟ್ಟೆಗಳೂ ಗೋಡೆಗೆ ಅಂಟಿಸಲು ಕಾಂಗರೂ ಚಿತ್ರವೂ ಬಂದವು.

"ಇದು ಯಾವ ಪ್ರಾಣಿ ಸಿಸ್ಟರ್?" ಎಂದರು ಒಬ್ಬ ಅಜ್ಜಿ. ವಿವರಿಸಿದೆ. "ಮಂಗ ಮರಿಯನ್ನು ಅವಚಿಕೊಂಡ ಹಾಗೆ ಅನ್ನಿ, ಅರ್ಥವಾಗುತ್ತದೆ" ಎಂದರು. ಈಗ ನಾನೂ ಹಾಗೆಯೇ ಹೇಳುತ್ತೇನೆ.

ಮಗುವನ್ನು ಹೀಗೆ ಎದೆಗೆ ಕಟ್ಟಿಕೊಳ್ಳಲು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು ದಿನಕ್ಕೆ 8ರಿಂದ 24 ಗಂಟೆ. ನಮ್ಮ ರಿಜಿಸ್ಟರಿನಲ್ಲಿ ಒಂದು ಗಂಟೆ ದಾಟಿದರೆ ಹೆಚ್ಚು. "ತಾಯಂದಿರಿಗೆ ತಿಳಿವಳಿಕೆ ಸಾಲದು" ಎಂದು ಸಭೆಯಲ್ಲಿ ಹೇಳಿದವಳು ನಾನೇ. ಆಮೇಲೊಂದು ರಾತ್ರಿ ಪಾಳಿಯಲ್ಲಿ ಹಾಳೆ ತಿರುವಿ ಹಾಕಿದೆ. ಪೇಟೆಯಲ್ಲೇ ಮನೆಯಿದ್ದವರ ಮಕ್ಕಳಿಗೆ ಐದಾರು ಗಂಟೆ ಸಿಕ್ಕಿತ್ತು. ಒಂದು ಗಂಟೆಯವರೆಲ್ಲ ದೂರದ ಹಳ್ಳಿ, ತಾಂಡಾಗಳವರು. ಅವರಿಗೆ ಬಿಡುಗಡೆ ಚೀಟಿ ಬರೆದು, ಮಗುವನ್ನು ಒಳಗಿಟ್ಟುಕೊಂಡು, ಹೊರಗೆ ಕಳಿಸುತ್ತಿದ್ದವರು ನಾವು. ಮಂಚ ಹೋಯಿತು, ಊಟ ಹೋಯಿತು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದು ವರಾಂಡದಲ್ಲಿ ಮಲಗಿದವಳು ಹಾಲುಣಿಸಲು ಕರೆದಾಗಷ್ಟೇ ಒಳಬರಬೇಕು. ಕೂರಲು ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿ, ಮರೆಗೆ ಪರದೆ ಇಲ್ಲ.

ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಡಾಕ್ಟರ್ ಎಡ್ಗರ್ ರೇ ಇದನ್ನು ಶುರು ಮಾಡಿದ್ದು ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್ ಸಾಲದೆ, ಒಂದರಲ್ಲೇ ಎರಡು ಮೂರು ಮಕ್ಕಳನ್ನು ಮಲಗಿಸಿ ಸೋಂಕು ಹರಡುತ್ತಿದ್ದಾಗ. ತಾಯಿಯ ಮೈಯ ಕಾವನ್ನೇ ನೆಚ್ಚಿದ ಮೇಲೆ ತಾಯಿಯನ್ನು ಸಂದರ್ಶಕಳಂತೆ ಬಾಗಿಲಲ್ಲಿ ನಿಲ್ಲಿಸುವುದು ಹೇಗೆ? ನಾವು ಅಲ್ಲಿಂದ ಬಟ್ಟೆಯನ್ನಷ್ಟೇ ತರಿಸಿಕೊಂಡಿದ್ದೆವು.

ವೈದ್ಯರೊಂದಿಗೆ ಜಗಳಕ್ಕೆ ಸಮೀಪದ ಮಾತುಕತೆ ಆಯಿತು. ಈಗ ಮಗು ಇರುವಷ್ಟು ದಿನ ತಾಯಿಯ ಹೆಸರೂ ದಾಖಲಾತಿಯಲ್ಲಿ ಇರುತ್ತದೆ, ಹಾಗಾಗಿ ಮಂಚ, ಊಟ ಎರಡೂ ಉಂಟು. ನಾಲ್ಕು ಆರಾಮ ಕುರ್ಚಿ ಬಂದವು. "ಹಸಿ ಬಾಣಂತಿ, ಅಷ್ಟು ಹೊತ್ತು ಕೂತರೆ ಸೊಂಟ ಹಿಡಿಯುತ್ತದೆ" ಎಂದು ತಕರಾರು ತೆಗೆದ ಅತ್ತೆಯಂದಿರಿಗೆ, "ಹಾಗಾದರೆ ನೀವು ಕಟ್ಟಿಕೊಳ್ಳಿ ಅಮ್ಮ" ಎನ್ನುತ್ತೇನೆ. ಮೊದಮೊದಲು ನಾಚುತ್ತಾರೆ, ಎರಡನೆಯ ದಿನಕ್ಕೆ ಮಗುವನ್ನು ವಾಪಸು ಕೇಳಿದರೆ ಮುಖ ಗಂಟಿಕ್ಕುತ್ತಾರೆ. ಅಪ್ಪಂದಿರಿಗೆ ಹಗಲು ಮಾತ್ರ ಅವಕಾಶ, ಕೂಲಿಗೆ ಹೋಗುವವನು ಹಗಲು ಎಲ್ಲಿಂದ ಬಂದಾನು? ಆ ವಾದ ಇನ್ನೂ ನಡೆದಿದೆ.

ಸರಬರಾಜಾದ ಬಟ್ಟೆ ನಮ್ಮ ಬೇಸಿಗೆಗೆ ದಪ್ಪವಾಯಿತು. ಹಳೆಯ ಹತ್ತಿ ಸೀರೆಯನ್ನು ಒಗೆದು ಅರ್ಧಕ್ಕೆ ಹರಿದುಕೊಳ್ಳುತ್ತೇವೆ.